ಸಂಶೋಧನೆ ಬಿಟ್ಟು ಬಂದದ್ದೇಕೆ?



ಯಾದಗಿರಿ, ಶಹಾಪುರ, ಸುರಪುರಗಳಿಂದ ಕಲಬುರಗಿಗೋ ರಾಯಚೂರಿಗೋ ಹೋಗಿ, ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಅವರಲ್ಲಿ ಕೆಲವರು ಎರಡು-ಮೂರು ವರ್ಷಗಳ ನಂತರ ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೋ ಶಿಕ್ಷಕರ ಹುದ್ದೆಗೋ ಸಂದರ್ಶನಕ್ಕೆ ಕೂರುತ್ತಾರೆ. "ಸಂಶೋಧನೆ ಬಿಟ್ಟು ಇಲ್ಲಿಗೇಕೆ ಬಂದಿರಿ?" ಎಂಬ ಪ್ರಶ್ನೆ ಅಲ್ಲಿ ಎದುರಾಗುತ್ತದೆ.

"ಬ್ಯಾಂಕ್ ಕೆಲಸ ಚಿಕ್ಕಂದಿನ ಕನಸು ಅಂತ ಹೇಳಪ್ಪ, ಏನೂ ಆಗೋದಿಲ್ಲ" ಎಂದು ಹಿರಿಯರು ಕಲಿಸಿ ಕಳಿಸುತ್ತಾರೆ. ನಿಜವಾದ ಕಾರಣ ಬೇರೆಯೇ ಇರುತ್ತದೆ: ತಡವಾಗಿ ಬರುವ ಶಿಷ್ಯವೇತನ, ಮನೆಯ ಸಾಲ, ಮಾರ್ಗದರ್ಶಕರೊಡನೆ ಮನಸ್ತಾಪ. ಹಾಗಾದರೆ ಎಲ್ಲವನ್ನೂ ಬಿಚ್ಚಿ ಹೇಳಲೇಬೇಕೇ? ಹೇಳದಿದ್ದರೆ ಅದೂ ಸುಳ್ಳೇ?

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇವೆರಡನ್ನೂ ಬೇರ್ಪಡಿಸಿದ್ದಾರೆ. ಸುಳ್ಳು ಯಾವ ಒಳ್ಳೆಯ ಉದ್ದೇಶಕ್ಕೂ ಸಲ್ಲದು. ಆದರೆ ವಿವೇಕದಿಂದ ಸತ್ಯವನ್ನು ಹೇಳದೆ ಇಟ್ಟುಕೊಳ್ಳಬಹುದು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ, ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ತೆರೆದಿಡುವ ಬಾಧ್ಯತೆ ಇಲ್ಲವೆನ್ನುತ್ತದೆ.

ಆದ್ದರಿಂದ ಕೇಳಬೇಕಾದದ್ದು ಇದು: ಎದುರಿಗೆ ಕುಳಿತವರಿಗೆ ಏನು ತಿಳಿಯುವ ಹಕ್ಕಿದೆ? ಮನೆಯ ಸಾಲ ಎಷ್ಟು, ಜಗಳ ಯಾರೊಡನೆ ಎಂಬುದು ಅವರಿಗೆ ಬೇಕಿಲ್ಲ. ಆದರೆ ನೀವು ಕೆಲಸದಲ್ಲಿ ನಿಲ್ಲುವಿರೋ ಇಲ್ಲವೋ ಎಂಬುದು ಬೇಕು. ಗುಟ್ಟಾಗಿ ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ ಹಾಕಿ, "ಇನ್ನು ಹಿಂದಿರುಗಿ ನೋಡುವುದಿಲ್ಲ" ಎಂದರೆ ಅದು ಮೋಸ. ನಿಮ್ಮಷ್ಟೇ ಬಡವನಾದ ಇನ್ನೊಬ್ಬನ ಅನ್ನವೂ ಅದರಲ್ಲಿ ಸೇರಿದೆ.

ಹಾಗೆಂದು ಕಲಿತ ವರ್ಷಗಳನ್ನು ಹೀಗಳೆಯಬೇಕಾಗಿಲ್ಲ. ನಾಗೇಶ ಹೆಗಡೆಯವರು ಖರಗ್‌ಪುರದ ಐಐಟಿಯಲ್ಲಿ ಭೂವಿಜ್ಞಾನ, ದೆಹಲಿಯ ಜೆಎನ್‌ಯುನಲ್ಲಿ ಪರಿಸರ ವಿಜ್ಞಾನ ಓದಿ, ಮುಂದೆ ಪ್ರಜಾವಾಣಿ ಪತ್ರಿಕೆ ಸೇರಿದರು. ದಾರಿ ಬದಲಾಯಿತು, ವಿದ್ಯೆ ವ್ಯರ್ಥವಾಗಲಿಲ್ಲ. ಅದೇ ಕನ್ನಡಿಗರಿಗೆ ವಿಜ್ಞಾನವನ್ನು ತಿಳಿಸುವ ಬರಹವಾಯಿತು.

ತೊಗರಿಯ ನೆಟೆ ರೋಗದ ಮೇಲೆ ಕೆಲಸ ಮಾಡಿದವನು ಬ್ಯಾಂಕಿನಲ್ಲಿ ಹೀಗೆನ್ನಬಹುದು: "ಎರಡು ವರ್ಷ ರೈತರ ಹೊಲಗಳಲ್ಲಿ ತಿರುಗಿದ್ದೇನೆ. ಬೆಳೆ ಏಕೆ ಕೆಡುತ್ತದೆಂದು ಬಲ್ಲೆ. ಸಾಲ ಕೊಡುವಾಗ ಅದು ಉಪಯೋಗಕ್ಕೆ ಬರುತ್ತದೆ. ನನ್ನ ಮನೆಗೂ ತಿಂಗಳ ಸಂಬಳ ಬೇಕಾಗಿದೆ." ಇದರಲ್ಲಿ ಸುಳ್ಳಿಲ್ಲ, ಚಾಡಿಯೂ ಇಲ್ಲ. ಮನೆಯವರಿಗಾಗಿ ದುಡಿಯಬೇಕೆನ್ನುವುದು ನಾಚಿಕೆಯ ಕಾರಣವೂ ಅಲ್ಲ.

ತಂದೆತಾಯಿಯರೇ, ಸಂದರ್ಶನದ ಹಿಂದಿನ ರಾತ್ರಿ ಮಕ್ಕಳಿಗೆ ಕನಸು ಕಟ್ಟಿಕೊಡಬೇಡಿ. ಯುವಜನರೇ, ಉತ್ತರ ಸಿದ್ಧಪಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿಕೊಳ್ಳಿ: ಇದೇ ಮಾತನ್ನು ನಿಮ್ಮ ಹಳೆಯ ಗುರುಗಳ ಮುಂದೆಯೂ ತಲೆ ತಗ್ಗಿಸದೆ ಹೇಳಬಲ್ಲಿರಾ? ಹೇಳಬಲ್ಲಿರಾದರೆ ಧೈರ್ಯವಾಗಿ ಹೋಗಿ ಬನ್ನಿ.