ಬೇಲಿಯೊಳಗಿನ ಹಸಿವು

ಉತ್ತರ ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಒಂಟಿ ರೈತಮನೆಗಳ ಪಕ್ಕ ಸಿಕಮೋರ್ ಮರಗಳು ನಿಂತಿರುತ್ತವೆ. ಬಿರುಗಾಳಿಗೂ ಅವು ಸುಲಭವಾಗಿ ಜಗ್ಗುವುದಿಲ್ಲ, ನೆರಳೂ ದಟ್ಟ. ಕುದುರೆ ಮೇಯುವ ಬಯಲಿಗೆ ಆಸರೆಯ ಮರ ಬೇಕೆಂದವರಿಗೆ ಇದಕ್ಕಿಂತ ಒಳ್ಳೆಯದು ಇನ್ನಾವುದಿದ್ದೀತು ಎನಿಸುವುದು ಸಹಜ. ಆದರೆ ಶರತ್ಕಾಲದಲ್ಲಿ ಇದರ ರೆಕ್ಕೆಬೀಜಗಳು ಗಿರಿಗಿಟ್ಲೆಯ ಹಾಗೆ ತಿರುಗುತ್ತ ಹುಲ್ಲಿನ ಮೇಲೆ ಉದುರುತ್ತವೆ. ಅವುಗಳಲ್ಲಿ ಹೈಪೊಗ್ಲೈಸಿನ್ ಎಂಬ ವಿಷವಿದೆ. ಕೊಬ್ಬಿನಿಂದ ಶಕ್ತಿ ಪಡೆಯುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ. ಕುದುರೆಯ ಸ್ನಾಯುಗಳು ಸೋಲುತ್ತವೆ, ಮೂತ್ರ ಕಪ್ಪಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಈ ಕಾಯಿಲೆ ತಗುಲಿದ ಹೆಚ್ಚಿನ ಕುದುರೆಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ವಸಂತದಲ್ಲಿ ಮೊಳೆಯುವ ಸಸಿಗಳಲ್ಲೂ ಅದೇ ವಿಷ.

ಹಾಗಾದರೆ ಸಿಕಮೋರ್ ಬೇಡ, ಹಾಥಾರ್ನ್, ಹೇಜೆಲ್, ವಿಲೋ ನೆಡೋಣ ಎನ್ನಬಹುದು. ಒಪ್ಪುವ ಮಾತೇ. ಯೂ ಮರವನ್ನಂತೂ ಹತ್ತಿರಕ್ಕೂ ಬಿಡಬಾರದು. ಅದರ ಒಣಗಿದ ಎಲೆಯೂ ಕೊಲ್ಲುತ್ತದೆ. ನಮ್ಮ ಹೆದ್ದಾರಿಗಳ ನಡುವೆ ಹೂ ಬಿಟ್ಟು ನಿಲ್ಲುವ ಕಣಗಿಲೆಯೂ ಅದೇ ಜಾತಿಯ ಅಪಾಯ. ಅಲ್ಲಿ ಅದನ್ನು ನೆಡಲು ದನ ಬಾಯಿ ಹಾಕುವುದಿಲ್ಲವೆಂಬುದೂ ಒಂದು ಕಾರಣ. ಇಷ್ಟು ತಿಳಿದುಕೊಳ್ಳಲು ಒಂದು ಪಟ್ಟಿ ಸಾಕು. ಆದರೆ ಪಕ್ಕದ ಹೊಲದ ಸಿಕಮೋರ್ ಬೀಜಕ್ಕೆ ಬೇಲಿಯ ಲೆಕ್ಕವಿಲ್ಲ.

ನನ್ನನ್ನು ಕಾಡುವುದು ಬೇರೆಯದು. ಸಿಕಮೋರ್ ಇರುವ ಎಲ್ಲ ಬಯಲಿನ ಕುದುರೆಗಳೂ ಸಾಯುವುದಿಲ್ಲ. ಹುಲ್ಲು ಬೋಳಾಗಿ, ಬೇರೇನೂ ಸಿಗದಿದ್ದಾಗ ಅವು ನೆಲಕ್ಕೆ ಮೂತಿಯಿಟ್ಟು ಸಿಕ್ಕಿದ್ದನ್ನು ಆಯುತ್ತವೆ. ಅಪಾಯ ಹೆಚ್ಚುವುದು ಆಗಲೇ. ಬೇಲಿಯಿಲ್ಲದಿದ್ದರೆ ಕುದುರೆ ಮೇವು ಹುಡುಕಿ ಮುಂದಿನ ಗುಡ್ಡಕ್ಕೆ ಹೋಗುತ್ತಿತ್ತು. ಆ ದಾರಿಯನ್ನು ಕಟ್ಟಿದವರು ನಾವು. ತಿಂದದ್ದನ್ನು ವಾಂತಿ ಮಾಡಿ ಕಳೆದುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಬೇಲಿ ಹಾಕಿದ ದಿನವೇ ಅದರ ಆಯ್ಕೆಗಳೆಲ್ಲ ನಮ್ಮ ಹೆಗಲೇರಿದವು. ಕುದುರೆಯ ಪರವಾಗಿ ನಾವು ಮರವನ್ನು ಆರಿಸಬೇಕು, ಹಸಿವನ್ನೂ ಊಹಿಸಬೇಕು.

ಹಸಿವಿನ ಈ ಲೆಕ್ಕ ಕುದುರೆಗಷ್ಟೇ ಅಲ್ಲ. ಸಿಕಮೋರ್, ನಮ್ಮ ಅಂಟುವಾಳ, ಲಿಚಿ ಮೂರೂ ಒಂದೇ ಸಸ್ಯ ಕುಟುಂಬದವು. ಬಿಹಾರದ ಮುಜಫ್ಫರಪುರದಲ್ಲಿ ಲಿಚಿ ಹಣ್ಣಿನ ಕಾಲ ಬಂದರೆ ಮಕ್ಕಳು ನಸುಕಿನಲ್ಲಿ ಸೆಳವು ಬಂದು ಪ್ರಜ್ಞೆ ತಪ್ಪುತ್ತಿದ್ದರು. ಎಷ್ಟೋ ಮಕ್ಕಳು ಉಳಿಯಲಿಲ್ಲ. 2014ರಲ್ಲಿ ನಡೆದ ತನಿಖೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕಾಯಿಲೆ ಬಿದ್ದ ಮಕ್ಕಳ ದೇಹದಲ್ಲಿ ಅದೇ ಹೈಪೊಗ್ಲೈಸಿನ್‌ನ ಗುರುತು ಸಿಕ್ಕಿತ್ತು. ಹಗಲು ತೋಟದಲ್ಲಿ ಹಣ್ಣು ತಿಂದು, ರಾತ್ರಿ ಊಟ ಮಾಡದೆ ಮಲಗಿದ ಮಕ್ಕಳಿಗೆ ಅಪಾಯ ಹೆಚ್ಚಾಗಿತ್ತು. ಹೊಟ್ಟೆ ತುಂಬಿದ ಮಗುವಿಗೆ ಹಣ್ಣಾಗಿದ್ದದ್ದು ಬರಿಹೊಟ್ಟೆಯ ಮಗುವಿಗೆ ವಿಷವಾಯಿತು. ಮರವನ್ನಷ್ಟೇ ದೂರಿ ಸುಮ್ಮನಾಗಲು ನನ್ನಿಂದಾಗುವುದಿಲ್ಲ.

ಆದ್ದರಿಂದ ಸುರಕ್ಷಿತ ಮರ ಯಾವುದೆಂದು ಕೇಳುವವರು ಬಯಲಿನಲ್ಲಿ ಹುಲ್ಲು ಎಷ್ಟು ಉಳಿದಿದೆ ಎಂದೂ ನೋಡಬೇಕು. ಬೀಜ ಉದುರುವ ವಾರಗಳಲ್ಲಿ ಕುದುರೆಗಳನ್ನು ಬೇರೆ ಬಯಲಿಗೆ ಸಾಗಿಸಬೇಕು. ಆಗದಿದ್ದರೆ ಬಿದ್ದ ಬೀಜಗಳನ್ನು ಗುಡಿಸಿ ತೆಗೆದು, ಒಣಹುಲ್ಲನ್ನು ಧಾರಾಳವಾಗಿ ಹಾಕಬೇಕು. ಮುಜಫ್ಫರಪುರದಲ್ಲಿ ತನಿಖೆ ಮಾಡಿದವರು ಲಿಚಿ ಮರಗಳನ್ನು ಕಡಿಯಿರಿ ಎನ್ನಲಿಲ್ಲ. ಹಣ್ಣು ಮಿತವಾಗಿರಲಿ, ಮಕ್ಕಳಿಗೆ ರಾತ್ರಿ ಊಟ ತಪ್ಪದಿರಲಿ ಎಂದರು.