ಸುಳ್ಳಿನ ಒಂಟಿಕಾಲು

ಹೀಬ್ರೂ ನನಗೆ ಬಾರದು. ಅದರ 22 ಅಕ್ಷರಗಳನ್ನು ಗುರುತಿಸಬಲ್ಲೆ, ಅಷ್ಟೆ. ಆದರೂ ಅವು ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿವೆ. ಕನ್ನಡದ ಅಧ್ಯಾಪಕನಿಗೆ ಇದೇಕೆ ಬೇಕಾಗಿತ್ತು ಎಂದು ಓದುಗರು ಕೇಳಿದರೆ ತಪ್ಪಲ್ಲ.

ಯೆಹೂದ್ಯರಿಗೆ ಅಕ್ಷರವೆಂದರೆ ಬರಿಯ ಧ್ವನಿಯ ಗುರುತಲ್ಲ. ಒಂದೊಂದಕ್ಕೂ ಸಂಖ್ಯೆಯುಂಟು, ಅರ್ಥವುಂಟು, ನಿಲುವಿನಲ್ಲಿಯೇ ನೀತಿಯುಂಟು. ಬ್ಯಾಬಿಲೋನಿನ ತಾಲ್ಮುಡ್ ಗ್ರಂಥದ ‘ಶಬ್ಬಾತ್’ ಭಾಗದಲ್ಲಿ ಒಂದು ಪ್ರಸಂಗ ಬರುತ್ತದೆ. ಪಾಠಶಾಲೆಗೆ ಬಂದ ಎಳೆಯ ಮಕ್ಕಳು ಅಕ್ಷರಮಾಲೆಗೆ ವ್ಯಾಖ್ಯಾನ ಹೇಳಿ ಪಂಡಿತರನ್ನೇ ಬೆರಗುಗೊಳಿಸುತ್ತಾರೆ. ಸುಳ್ಳಿಗೆ ಹೀಬ್ರೂವಿನಲ್ಲಿ ‘ಶೆಕೆರ್’ ಎಂದು ಹೆಸರು. ಅದರ ಕೋಫ್, ರೇಶ್, ಶಿನ್ ಎಂಬ ಮೂರು ಅಕ್ಷರಗಳೂ ಮಾಲೆಯ ಕೊನೆಯ ಹತ್ತಿರ ಒಂದರ ಪಕ್ಕ ಒಂದು ಒತ್ತಿಕೊಂಡಿವೆ. ಸತ್ಯಕ್ಕೆ ‘ಎಮೆತ್’: ಆಲೆಫ್ ಮೊದಲನೆಯದು, ಮೇಮ್ ನಡುವಿನದು (ಎಣಿಸಿದರೆ 13ನೆಯದು, ಇರಲಿ), ತಾವ್ ಕಡೆಯದು. ಸುಳ್ಳು ಕೈಗೆ ಸುಲಭವಾಗಿ ಸಿಗುತ್ತದೆ, ಸತ್ಯ ಅಪೂರ್ವ ಎಂಬುದು ಅಲ್ಲಿನ ವಿವರಣೆ. ಸುಳ್ಳಿನ ಅಕ್ಷರಗಳು ಒಂಟಿಕಾಲಿನ ಮೇಲೆ ನಿಂತಿವೆ, ಸತ್ಯದವು ಇಟ್ಟಿಗೆಯಂತೆ ಭದ್ರವಾಗಿ ಕೂತಿವೆ ಎಂದೂ ಸೇರಿಸುತ್ತದೆ.

ಒಂಟಿಕಾಲಿನ ಮಾತನ್ನು ನಾನು ಒಪ್ಪಲಾರೆ. ಸುಳ್ಳು ಭದ್ರವಾಗಿಯೇ ನಿಲ್ಲುತ್ತದೆ, ಕಂಡಿದ್ದೇನೆ. ಆದರೆ ಅಕ್ಷರಗಳು ಇರುವ ಜಾಗದ ಮಾತು ನನಗೆ ನಾಟಿತು. ಒಂದೇ ಮೂಲೆಯಿಂದ ಆರಿಸಿಕೊಂಡದ್ದು ಸುಳ್ಳು. ಮೊದಲು, ನಡು, ಕೊನೆಗಳನ್ನೆಲ್ಲ ಮುಟ್ಟಿದ್ದು ಸತ್ಯ. ಹೀಗೆ ಓದಿಕೊಂಡರೆ, ಆಡಿದ ಮಾತೆಲ್ಲ ನಿಜವಾಗಿದ್ದೂ ಒಟ್ಟು ಸುಳ್ಳಾಗಬಹುದು.

ಹೋದ ವರ್ಷ ನಾನು ಬರೆದ ಶಿಫಾರಸು ಪತ್ರ ಅಂಥದು. ಹುಡುಗ ಬಡವ, ಚುರುಕು. ಪ್ರವಾಸಕ್ಕೆಂದು ಸಹಪಾಠಿಗಳಿಂದ ಕೂಡಿಸಿದ ಹಣವನ್ನು ಬಳಸಿಕೊಂಡಿದ್ದ. ಕೇಳಿದಾಗ ಅತ್ತು, ಎರಡು ತಿಂಗಳಲ್ಲಿ ತೀರಿಸಿದ. ಅವನ ಬುದ್ಧಿ, ಶ್ರದ್ಧೆ, ವಿನಯಗಳನ್ನು ಬರೆದೆ. ಇದೊಂದನ್ನು ಬಿಟ್ಟೆ. ಅವನಿಗೆ ಸಿಕ್ಕ ಕೆಲಸ ಹಣ ಎಣಿಸುವುದು.

ಅದೇ ಮಕ್ಕಳು ಅದೇ ಪುಟದಲ್ಲಿ ನನಗೊಂದು ನೆವವನ್ನೂ ಕೊಡುತ್ತಾರೆ. ‘ಗಿಮೆಲ್’ ಕೊಡುವವನು, ‘ದಾಲೆತ್’ ಬಡವ. ಗಿಮೆಲ್‌ನ ಕಾಲು ದಾಲೆತ್‌ನ ಕಡೆಗೆ ಚಾಚಿದೆ. ದಾನಿಯೇ ಬಡವನನ್ನು ಹುಡುಕಿಕೊಂಡು ಹೋಗಬೇಕು. ದಾಲೆತ್ ಮುಖ ತಿರುಗಿಸಿದೆ. ಅವನಿಗೆ ನಾಚಿಕೆಯಾಗದಂತೆ ಗುಟ್ಟಾಗಿ ಕೊಡಬೇಕು. ಕರುಣೆಗೂ ಮರೆ ಬೇಕು ಎಂದಾಯಿತಲ್ಲ! ಕೆಲವು ದಿನ ಇದನ್ನೇ ಹಿಡಿದುಕೊಂಡು ಸಮಾಧಾನಪಟ್ಟೆ. ಆಮೇಲೆ ಹೊಳೆಯಿತು: ಆ ದಾನಿ ಕೊಡುವುದು ತನ್ನ ಚೀಲದಿಂದ. ನಾನು ಕೊಟ್ಟದ್ದು ನನ್ನ ಸಹಿಯನ್ನು ನಂಬಿದ ಅಪರಿಚಿತನೊಬ್ಬನ ಚೀಲದಿಂದ. ಹಾಗೆಂದು ಅದನ್ನೂ ಬರೆದಿದ್ದರೆ ಆ ಮನೆಯ ಒಲೆ ಉರಿಯುತ್ತಿರಲಿಲ್ಲ, ಅದೂ ನಿಜವೇ.

ಮೊನ್ನೆ ಹುಡುಗ ಪೇಡೆ ತಂದು ಕಾಲಿಗೆರಗಿದ. ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟೆಂದು ಮೇಲಿನವರು ಅವನನ್ನು ಮೆಚ್ಚಿದ್ದಾರಂತೆ. ಅವನು ಹೋದ ಮೇಲೆ ಪತ್ರದ ಪ್ರತಿಯನ್ನು ತೆಗೆದು ಮತ್ತೆ ಓದಿದೆ. ಹೊಡೆದುಹಾಕಬೇಕಾದ ಮಾತು ಒಂದೂ ಸಿಗಲಿಲ್ಲ.