ಎಂಬತ್ತೇಳರಲ್ಲಿ ಒಂದು ಪಾಲು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ರೈಲ್ವೆ ಗೇಟು ಬಿದ್ದರೆ ಆಟೊ, ಬೈಕು, ತಳ್ಳುಗಾಡಿ ಎಲ್ಲ ನಿಂತುಬಿಡುತ್ತವೆ. ಗೂಡ್ಸ್ ದಾಟುವ ತನಕ ಗೊಣಗುತ್ತ ಕಾಯುವವರಲ್ಲಿ ನಾನೂ ಒಬ್ಬ. ಅದೇ ನಾನು ಮನೆಯ ಮಾಳಿಗೆ ಕೋಣೆಯಲ್ಲಿ, ಪ್ಲೈವುಡ್ ಹಲಗೆಯ ಮೇಲೆ ಬೆರಳುದ್ದದ ಗೇಟು ಹಾಕಿ, ಪುಟಾಣಿ ಗೂಡ್ಸ್ ದಾಟುವುದನ್ನು ಕಣ್ಣು ಮಿಟುಕಿಸದೆ ನೋಡುತ್ತೇನೆ. ದೊಡ್ಡದಕ್ಕೆ ಬೇಸರ, ಸಣ್ಣದಕ್ಕೆ ಬೆರಗು. ಯಾಕೆ ಹೀಗೆ?

ನನ್ನ ಹಲಗೆಯ ಲೋಕ ಎಚ್‌ಒ ಅಳತೆಯದು. ಅಂದರೆ ನಿಜದ 87ರಲ್ಲಿ ಒಂದು ಪಾಲು. ಪುಣೆಯಲ್ಲಿ ಬಿ.ಎಸ್. ಜೋಶಿಯವರು 1998ರಲ್ಲಿ ತೆರೆದ ಕಿರುರೈಲುಗಳ ಮ್ಯೂಸಿಯಮ್ಮಿನದೂ ಇದೇ ಅಳತೆ. ಅದಿರು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ ಸುಮಾರು 10.7 ಮೀಟರ್, ನನ್ನಲ್ಲಿ 12 ಸೆಂಟಿಮೀಟರ್ ಚಿಲ್ಲರೆ. ಆದರೂ 58 ವ್ಯಾಗನ್ನುಗಳ ಪೂರ್ತಿ ಗಾಡಿ ಜೋಡಿಸಿದರೆ 7 ಮೀಟರ್ ದಾಟುತ್ತದೆ, ಕೋಣೆ ಸಾಲದು. ಬಳ್ಳಾರಿಯಿಂದ ಹೊಸಪೇಟೆಗೆ ಸುಮಾರು 65 ಕಿಲೋಮೀಟರ್ ಹಳಿ. 87ರಿಂದ ಭಾಗಿಸಿದರೂ ಮುಕ್ಕಾಲು ಕಿಲೋಮೀಟರ್ ಉಳಿಯುತ್ತದೆ. ಹಾಗಾಗಿ ಗಾಡಿಯನ್ನು ಹತ್ತು ವ್ಯಾಗನ್ನಿಗೇ ಮುಗಿಸಿದ್ದೇನೆ, ಹೊಸಪೇಟೆಯನ್ನು ಎರಡು ಮೊಳದಾಚೆ ತಂದಿಟ್ಟಿದ್ದೇನೆ.

ತೂಕದ ಲೆಕ್ಕವೇ ಬೇರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ ಆರೂವರೆ ಲಕ್ಷ ಪಟ್ಟಿಗೂ ಮೀರಿ ಕುಗ್ಗಬೇಕು. ತುಂಬಿದಾಗ 81 ಟನ್ ತೂಗುವ ವ್ಯಾಗನ್ನು ಬರೀ 123 ಗ್ರಾಂ!

ಹಳಿಯ ವಿಷಯ ಇನ್ನೂ ಸೋಜಿಗದ್ದು. ಎಚ್‌ಒ ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಯುರೋಪಿನಲ್ಲಿ ಹೆಚ್ಚಾಗಿರುವ 1,435 ಮಿಲಿಮೀಟರ್ ಗೇಜಿಗೆ ಅದು ತಕ್ಕದ್ದು. ನಮ್ಮ ಬ್ರಾಡ್‌ಗೇಜ್ 1,676. ಅದಕ್ಕೆ 19 ಮಿಲಿಮೀಟರ್ ದಾಟಬೇಕು. ಅಂಗಡಿಯ ಹಳಿಯ ಮೇಲೆ ನಮ್ಮ ಗಾಡಿಗಳು ತಮ್ಮನ ಚಪ್ಪಲಿ ಮೆಟ್ಟಿದ ಅಣ್ಣನಂತೆ ನಿಲ್ಲುತ್ತವೆ. ಮೀಟರ್‌ಗೇಜಿಗಾದರೆ 12 ಮಿಲಿಮೀಟರಿನ ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಹಳಿಗಳನ್ನೆಲ್ಲ ಬ್ರಾಡ್‌ಗೇಜಿಗೆ ಬದಲಿಸುವ ಯೂನಿಗೇಜ್ ಯೋಜನೆ 1992ರಲ್ಲಿ ಶುರುವಾದ ಮೇಲೆ ನಮ್ಮ ಹುಬ್ಬಳ್ಳಿ ದಾರಿಯಿಂದ ಮಾಯವಾದದ್ದು ಆ ಮೀಟರ್‌ಗೇಜೇ. ಕಣ್ಣೆದುರಿನ ಹಳಿಗಿಂತ ಕಿತ್ತುಹಾಕಿದ ಹಳಿಯನ್ನು ಇದ್ದಹಾಗೇ ಕಟ್ಟುವುದು ಸುಲಭ!

ಹಳಿಯ ಬದಿಗೆ ಉದುರಿಸಲೆಂದು ಸಂಡೂರು ಕಡೆಯ ಕೆಂಪು ಮಣ್ಣನ್ನು ತೆಳು ಬಟ್ಟೆಯಲ್ಲಿ ಜಾಲಿಸಿ, ಮೇಲೆ ಆಯಸ್ಕಾಂತ ಆಡಿಸಿದೆ. ಕೆಂಪಿನೊಳಗಿಂದ ಕಪ್ಪು ಕಣಗಳು ನೆಟ್ಟಗೆ ಎದ್ದು ನಿಂತವು. ಎಂಜಿನ್ನಿನ ಮೋಟಾರಿನಲ್ಲೂ ಆಯಸ್ಕಾಂತವಿದೆ. ಈ ಕಣಗಳು ಒಳಹೊಕ್ಕರೆ ಅದರ ಕಥೆ ಮುಗಿದಂತೆ. ಅದಿರಿನ ಸೀಮೆಯ ಮಾದರಿಗೆ ಅದಿರಿನ ಮಣ್ಣೇ ಒಗ್ಗದು. ಧೂಳಿಗೆ 87ರ ಲೆಕ್ಕ ಗೊತ್ತಿಲ್ಲ. ಹಳಿಯ ಮೇಲೆ ತೆಳುವಾಗಿ ಕೂತರೂ ಸಾಕು, 12 ವೋಲ್ಟ್ ಕರೆಂಟು ಚಕ್ರಕ್ಕೆ ಮುಟ್ಟದೆ ಗಾಡಿ ತಡವರಿಸುತ್ತದೆ.

ಮೊಮ್ಮಗಳು ಒಮ್ಮೆ ಕೇಳಿದಳು: “ತಾತ, ಇದು ಸುತ್ತಿ ಸುತ್ತಿ ಇಲ್ಲಿಗೇ ಬರ್ತೈತಿ. ಯಾವ ಊರಿಗೆ ಹೋಗಿತ್ತು?” ಥರ್ಮೋಕೋಲ್ ಗುಡ್ಡದ ಸುರಂಗ ತೋರಿಸಿ “ಹೊಸಪೇಟಿಗೆ” ಅಂದೆ. “ಹಂಗಾದ್ರ ಡ್ಯಾಮ್ ನೋಡ್ಕೊಂಡು ಬಂತು” ಅಂದಳು. ನಾನು ಎರಡು ಮೊಳಕ್ಕೆ ಇಳಿಸಿದ್ದ ದೂರವನ್ನು ಅವಳು ಒಂದೇ ಮಾತಿನಲ್ಲಿ ಮತ್ತೆ 65 ಕಿಲೋಮೀಟರ್ ಮಾಡಿಬಿಟ್ಟಿದ್ದಳು.

ದೂರ ಒಂದು ಬಗೆಯಲ್ಲಿ ಕುಗ್ಗುತ್ತದೆ, ತೂಕ ಇನ್ನೊಂದು ಬಗೆಯಲ್ಲಿ. ಧೂಳು ಕುಗ್ಗುವುದೇ ಇಲ್ಲ, ಮಗುವಿನ ಮನಸ್ಸು ಹಿಗ್ಗಿಸುತ್ತದೆ. ನಿಜದ ರೈಲಿನಲ್ಲಿ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡೇ ಓಡುವುದರಿಂದ ನಮಗೆ ಏನೂ ವಿಶೇಷ ಕಾಣುವುದಿಲ್ಲ. ಸಣ್ಣದು ಮಾಡಹೊರಟು, ಹೊಂದಿಸಲಾಗದೆ ಒದ್ದಾಡಿದವನಿಗೆ ಆ ಹೊಂದಾಣಿಕೆಯ ಬೆಲೆ ತಿಳಿಯುತ್ತದೆ. ಈಗ 58 ವ್ಯಾಗನ್ನುಗಳನ್ನು ಎಣಿಸುತ್ತ ನಿಲ್ಲುವುದಕ್ಕೆ ನನಗೆ ಬೇಸರವಿಲ್ಲ.